ವಾಸ್ತು ನೋಡುವವನಿಗೆ ಹಿತ್ತಿಲಲ್ಲಿ ಕೇಳಿಸಿದ್ದು

ವಾಸ್ತು ನೋಡುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಮೊದಲ ಸಲಹೆ ಇದು. ಕೊಳ್ಳಬೇಕೆಂದಿರುವ ಮನೆಗೆ ನಿಮ್ಮನ್ನು ಕರೆದುಕೊಂಡು ಹೋದರೆ, ಒಂದು ಸಲವಾದರೂ ಒಬ್ಬರೇ ಹಿತ್ತಿಲಿಗೆ ಹೋಗಿ ನಿಲ್ಲಿ. ಕಾಂಪೌಂಡು ಗೋಡೆ ಮುಟ್ಟಿ ನೋಡಿ, ಆಕಾಶ ನೋಡಿ, ಏನಾದರೂ ಮಾಡುತ್ತಿರಿ. ಹೇಳಬೇಕಾದವರು ತಾವಾಗಿ ಬರುತ್ತಾರೆ. ಬರುವವರು ಹೆಚ್ಚಾಗಿ ಹೆಂಗಸರೇ. ಗಂಡ ಮುಂದುಗಡೆ ಮಾಲೀಕನ ಜೊತೆ ನಿಂತು ಬೋರ್‌ವೆಲ್ ಎಷ್ಟು ಆಳ, ಕಾವೇರಿ ನೀರು ದಿನ ಬಿಟ್ಟು ದಿನವೋ ದಿನಾಲೂ ಬರುತ್ತದೋ ಎಂದು ವಿಚಾರಿಸುತ್ತಿರುತ್ತಾನೆ. ಹೆಂಡತಿ ಬಟ್ಟೆ ಒಗೆಯುವ ಕಲ್ಲು ನೋಡುವ ನೆಪ ಮಾಡಿಕೊಂಡು ಹಿಂದಕ್ಕೆ ಬರುತ್ತಾಳೆ. ಬಂದು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಹೇಳುತ್ತಾಳೆ: "ಆಚಾರ್ರೇ, ಏನಾದ್ರೂ ಒಂದು ದೋಷ ಹೇಳ್ಬುಡಿ."

ಮೊದಲ ಸಲ ಇದನ್ನು ಕೇಳಿದಾಗ ನಾನು ಬೆಚ್ಚಿದ್ದೆ. ಒಳ್ಳೆಯ ಮನೆ, ಪೂರ್ವದ ಬಾಗಿಲು, ಗಾಳಿ ಬೆಳಕಿಗೆ ಕೊರತೆಯಿಲ್ಲ. ಬೇಡ ಅನ್ನಲು ಈ ತಾಯಿಗೆ ಏನು ಬಂತು ಎಂದುಕೊಂಡೆ. ಆಮೇಲಾಮೇಲೆ ಕಾರಣ ಗೊತ್ತಾಗುತ್ತಾ ಬಂತು. ಅವರಿಗೆ ಮನೆಯ ಮೇಲೆ ಸಿಟ್ಟಿರಲಿಲ್ಲ. ಮನೆಯ ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುವುದು ಅನ್ನುವುದು ಅವರ ಚಿಂತೆ.

ನಾವು ಬಡಗಿಗಳು, ಬಾಗಿಲುವಾಡ ನಿಲ್ಲಿಸುವ ಮನೆತನ. ವಾಸ್ತು, ಉದ್ದಗಲ ಲೆಕ್ಕ ಹಾಕುವ ಆಯ, ಎಲ್ಲ ನನಗೆ ಕಲಿಸಿದ್ದು ನನ್ನ ಸೋದರಮಾವ. ಈ ಕಸುಬಿನಲ್ಲಿ ನನಗಿದ್ದ ಮೇಲಧಿಕಾರಿ ಅವರೊಬ್ಬರೇ, ಮತ್ತು ಅವರೊಬ್ಬರೇ ಸಾಕಾಗಿದ್ದರು. ಕೈಯಲ್ಲಿ ಸದಾ ಒಂದು ಅಳತೆ ಕೋಲು. ಅದು ಗೋಡೆಯನ್ನು ಅಳೆದಷ್ಟೇ ಸಲ ನನ್ನ ಬೆನ್ನನ್ನೂ ಅಳೆದಿದೆ. ಅವರ ನಿಯಮ ಕಟ್ಟುನಿಟ್ಟು: ಇಲ್ಲದ ದೋಷ ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆ, ಇರುವ ದೋಷ ಮುಚ್ಚಿಟ್ಟರೆ ಆ ಮನೆಯ ಕಷ್ಟ ನಿನ್ನ ಮನೆಗೆ ನಡೆದು ಬರುತ್ತದೆ. ನೀವು ನಂಬುತ್ತೀರೋ ಬಿಡುತ್ತೀರೋ ನನಗೆ ಬೇಕಿಲ್ಲ. ನಾನು ಹೆದರಿಕೊಂಡೇ ನಂಬಿದೆ, ಹೆದರಿಕೊಂಡೇ ದುಡಿದೆ.

ಮಾವ ದಿಕ್ಕು ಹಿಡಿಯುತ್ತಿದ್ದುದು ಗೂಟದ ನೆರಳಿನಿಂದ. ನೆಲದಲ್ಲಿ ಗೂಟ ನೆಟ್ಟು, ಬಿಸಿಲು ಸರಿದಂತೆ ನೆರಳಿನ ತುದಿಗೆ ಗುರುತು ಹಾಕುತ್ತಾ ಕೂರಬೇಕು. ಅರ್ಧ ದಿನದ ಕೆಲಸ. ಅಷ್ಟು ಹೊತ್ತು ಆ ಬೀದಿಯಲ್ಲಿ ಕೂತಿದ್ದರೆ ಸೊಪ್ಪಿನವಳು ಎಷ್ಟು ಹೊತ್ತಿಗೆ ಬರುತ್ತಾಳೆ, ಮಕ್ಕಳು ಯಾವ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ, ಎದುರು ಮನೆಯವರು ಬಾಯಿಬಡುಕರೋ ಮೌನಿಗಳೋ ಎಲ್ಲ ತಿಳಿಯುತ್ತಿತ್ತು. ನನ್ನ ಕಾಲಕ್ಕೆ ದಿಕ್ಸೂಚಿ ಬಂತು. ಒಳಗೆ ಹೋಗು, ಇಡು, ನೋಡು, ಹೊರಗೆ ಬಾ. ಬೀದಿಯ ಪರಿಚಯವೇ ಬೇಡವಾಯಿತು.

ದಿಕ್ಸೂಚಿಯಿಂದ ನಾನು ಮಾನವನ್ನೂ ಕಳೆದುಕೊಂಡೆ ಅನ್ನಿ. ಹೊಸತರಲ್ಲಿ ಒಂದು ಮನೆಯ ಕಿಟಕಿಯ ಹಲಗೆ ಮೇಲೆ ಅದನ್ನಿಟ್ಟು, ಗತ್ತಿನಿಂದ, ಇದು ಪೂರ್ವವಲ್ಲ, ಆಗ್ನೇಯಕ್ಕೆ ತಿರುಗಿದ ಮನೆ ಎಂದು ಘೋಷಿಸಿಬಿಟ್ಟೆ. ಕೊಳ್ಳುವವರ ಮುಖ ಕಪ್ಪಿಟ್ಟಿತು, ಮಾರುವವನಂತೂ ನನ್ನನ್ನು ನುಂಗುವ ಹಾಗೆ ನೋಡಿದ. ಮಾವ ಬಂದು ದಿಕ್ಸೂಚಿಯನ್ನು ಎತ್ತಿ ನಡುಮನೆಯ ನೆಲದ ಮೇಲಿಟ್ಟರು. ಮುಳ್ಳು ಸರಸರ ತಿರುಗಿ ಸರಿಯಾಗಿ ನಿಂತಿತು. ಕಿಟಕಿಗಿದ್ದ ಕಬ್ಬಿಣದ ಸರಳು ಅದನ್ನು ಎಳೆದಿತ್ತು. "ದಿಕ್ಕು ತಪ್ಪಿರೋದು ನಮ್ಮ ಹುಡುಗನಿಗೆ, ಮನೆಗಲ್ಲ" ಎಂದರು ಮಾವ. ಈಗಿನವರು ಮೊಬೈಲಿನಲ್ಲಿ ದಿಕ್ಕು ನೋಡುತ್ತೀರಿ. ಅಯಸ್ಕಾಂತವಿರುವ ಕವರ್ ಹಾಕಿಕೊಂಡೇ ನೋಡುತ್ತೀರಿ. ನನ್ನ ಮಾತು ಕೇಳಿ, ಕವರ್ ತೆಗೆಯಿರಿ.

ಮೈಸೂರಿನ ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ ಕಡೆ ಮನೆ ನೋಡುತ್ತಿದ್ದ ಕಾಲದಲ್ಲಿ ಯಾರೂ ಅಂಗಡಿ ಎಷ್ಟು ದೂರ ಎಂದು ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ ಇರುತ್ತಿತ್ತಲ್ಲ, ಕಸ ಸಾಗಿಸಲೆಂದು ಹಿಂದಿನವರು ಬಿಟ್ಟ ಆ ಓಣಿಯಲ್ಲಿ ನುಗ್ಗಿದರೆ ಆ ಬೀದಿಯಿಂದ ಈ ಬೀದಿಗೆ ಬಂದುಬಿಡಬಹುದು. ಹೆಂಗಸರು ಮನೆಯ ಸೀರೆಯಲ್ಲೇ ಆ ದಾರಿಯಲ್ಲಿ ಹೋಗಿ ಕೊತ್ತಂಬರಿ ತರುತ್ತಿದ್ದರು, ಅಲ್ಲೇ ನಿಂತು ಅರ್ಧ ಗಂಟೆ ಮಾತಾಡಿ ಬರುತ್ತಿದ್ದರು. ಮುಂದಿನ ಬಾಗಿಲಿಂದ ಹೋದರೆ ಎಲ್ಲಿಗೆ ಹೊರಟೆ ಎಂದು ಕೇಳುವವರಿದ್ದರು. ಹಿಂದಿನ ಬಾಗಿಲಿಗೆ ಆ ತಾಪತ್ರಯವಿರಲಿಲ್ಲ.

ಆಮೇಲೆ ರಿಂಗ್ ರಸ್ತೆ ಬಂತು, ಅದರ ಆಚೆ ಲೇಔಟುಗಳು ಬಂದವು. ನಾನೂ ಮನೆ ನೋಡಲು ಕಾರುಗಳಲ್ಲಿ ಹೋಗತೊಡಗಿದೆ. ಮನೆ ಬ್ರೋಕರ್‌ಗಳದೊಂದು ಪದ್ಧತಿ ಉಂಟು: ಗಿರಾಕಿಯ ಕಾಲು ನೆಲಕ್ಕೆ ತಾಗಲು ಬಿಡುವುದಿಲ್ಲ. ಹಳೇ ಮನೆ ಬಾಗಿಲಲ್ಲಿ ಕಾರಿಗೆ ಹತ್ತಿಸಿಕೊಂಡರೆ ಹೊಸ ಮನೆಯ ಪೋರ್ಟಿಕೋದಲ್ಲೇ ಇಳಿಸುವುದು. "ಸಿಟಿಯಿಂದ ಹತ್ತೇ ನಿಮಿಷ ಸರ್." ಭಾನುವಾರ ಬೆಳಗ್ಗೆ, ಕಾರಿನಲ್ಲಿ, ಹತ್ತು ನಿಮಿಷ ನಿಜವೇ. ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಸಾಸಿವೆ ಮುಗಿದರೆ ಎಷ್ಟು ನಿಮಿಷ ಎಂದು ಗಂಡಸರು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಗಂಡಸರಿಗೆ ಕಾಲಿನ ಚಿಂತೆ ಇಲ್ಲವೇ ಇಲ್ಲ ಅಂತಲ್ಲ. ಅವರಿಗೆ ವಾಕಿಂಗ್ ಚಿಂತೆ. ಶ್ರೀರಾಂಪುರದ ಆಚೆ ನಿವೃತ್ತ ಅಧಿಕಾರಿಯೊಬ್ಬರಿಗೆ ಮನೆ ನೋಡಿಕೊಟ್ಟೆ. ಅಗಲವಾದ ರಸ್ತೆಗಳು, ಗಲಾಟೆ ಇಲ್ಲ, ಇನ್ನು ನನ್ನ ವಾಕಿಂಗ್‌ಗೆ ಅಡ್ಡಿಯಿಲ್ಲ ಆಚಾರ್ರೇ ಎಂದು ಹಿಗ್ಗಿದ್ದರು. ವರ್ಷ ಕಳೆದು ಸಿಕ್ಕಾಗ ಹೇಗಿದೆ ವಾಕಿಂಗ್ ಎಂದು ಕೇಳಿದೆ. ಆ ಖಾಲಿ ರಸ್ತೆಯಲ್ಲಿ ನಾಯಿಗಳು ಬಿಟ್ಟರೆ ನಮಸ್ಕಾರ ಹೇಳುವವರೂ ಇಲ್ಲವಂತೆ. ಈಗ ದಿನಾ ಬೆಳಗ್ಗೆ ಕಾರು ತೆಗೆದು, ಕುಕ್ಕರಹಳ್ಳಿ ಕೆರೆಗೆ ಬಂದು, ಅಲ್ಲಿ ನಡೆದು, ಮತ್ತೆ ಕಾರಿನಲ್ಲಿ ಮನೆಗೆ ಹೋಗುತ್ತಾರಂತೆ. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವರೇ ನಕ್ಕುಬಿಟ್ಟರು. ವಾಕಿಂಗ್ ಬೇರೆ, ನಡೆಯುವುದು ಬೇರೆ. ಒಂದು ಮೈ ಕರಗಿಸುವುದಕ್ಕೆ, ಇನ್ನೊಂದು ಬದುಕು ಸಾಗಿಸುವುದಕ್ಕೆ.

ಹಿತ್ತಿಲಿಗೆ ಬರದೆ ನಡುಮನೆಯಲ್ಲೇ ನಿಂತು ಹೇಳಿದ ಹೆಂಗಸು ನನಗೆ ನೆನಪಿರುವಂತೆ ಒಬ್ಬರೇ. ಫಿಲೋಮಿನಾ ಟೀಚರ್ ಎಂದು, ಮದುವೆಯಾಗಿರಲಿಲ್ಲ, ಶಾಲೆಯಿಂದ ಆಗತಾನೆ ನಿವೃತ್ತರಾಗಿದ್ದರು. ನಮ್ಮಲ್ಲಿ ವಾಸ್ತುಗೀಸ್ತು ಇಲ್ಲಪ್ಪ, ಮುಂದೆ ಮಾರುವಾಗ ಕೊಳ್ಳುವವರು ಕೇಳುತ್ತಾರೆ, ಅದಕ್ಕೆ ಕರೆಸಿದೆ ಎಂದು ಮೊದಲೇ ಹೇಳಿಬಿಟ್ಟರು. ತಮ್ಮಂದಿರು ಊರಾಚೆ ದೊಡ್ಡ ಮನೆ ತೋರಿಸಿದ್ದರಂತೆ. ಇವರು ಅವರಿಗೆ ತಿಳಿಸದೆ ಮರುದಿನ ಬೆಳಗ್ಗೆ ಅಲ್ಲಿಗೆ ಹೋಗಿ, ಅಲ್ಲಿಂದ ಚರ್ಚಿಗೆ, ಪೂಜೆಯ ಹೊತ್ತಿಗೆ ಸರಿಯಾಗಿ, ಮಾಮೂಲಿ ಚಪ್ಪಲಿಯಲ್ಲೇ ನಡೆದು ನೋಡಿದ್ದರು. ತಲುಪುವಷ್ಟರಲ್ಲಿ ಫಾದರ್ ಮಾಡುವ ಉಪದೇಶವೇ ಮುಗಿದಿತ್ತಂತೆ. "ದೇವರು ಕಾಯ್ತಾನೆ, ಫಾದರ್ ಕಾಯಲ್ಲ" ಎಂದರು. ಚರ್ಚಿನ ಹಿಂದಿನ ಬೀದಿಯಲ್ಲಿ ಒಂದು ಇಕ್ಕಟ್ಟಾದ ಮನೆ ಹಿಡಿದರು. ನಾನು ಅದರ ದೋಷಗಳನ್ನು ಹೇಳುತ್ತಾ ಹೋದರೆ, ಅವರು ಮಕ್ಕಳ ತಪ್ಪು ಕಾಗುಣಿತ ಕೇಳುವಷ್ಟು ತಾಳ್ಮೆಯಿಂದ ಕೇಳಿ, ಕಾಫಿ ಕೊಟ್ಟು ಕಳಿಸಿದರು.

ಅವರ ಮನೆಯಿಂದ ಬರುವಾಗ ನನಗೊಂದು ವಿಷಯ ಹೊಳೆಯಿತು. ತಾವೇ ನಿರ್ಧಾರ ಮಾಡುವವರಿಗೆ ದೋಷ ಬೇಕಾಗಿಲ್ಲ. ಹಿತ್ತಿಲಿಗೆ ಬರುವವರಿಗೆ ಅದು ಯಾಕೆ ಬೇಕು ಗೊತ್ತೇ? ನನಗೆ ಈ ಮನೆ ಬೇಡ ಎಂದು ಸೊಸೆ ಬಾಯಿಬಿಟ್ಟು ಹೇಳಿದಳು ಎಂದಿಟ್ಟುಕೊಳ್ಳಿ. ನಾಳೆ ಬೇರೆ ಮನೆ ಕೊಂಡು, ಅಲ್ಲಿ ಮಗುವಿಗೆ ಜ್ವರ ಬಂದರೂ, ಗಂಡನ ಬಡ್ತಿ ತಪ್ಪಿದರೂ, ಅತ್ತೆ ಬಚ್ಚಲಲ್ಲಿ ಜಾರಿದರೂ, ಇವಳು ಹಟ ಹಿಡಿದಳು ನೋಡಿ ಅನ್ನುತ್ತಾರೆ. ಅದೇ ನಾನು ದೋಷ ಎಂದುಬಿಟ್ಟರೆ ಅದು ಯಾರ ತಪ್ಪೂ ಅಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಈ ಅನುಕೂಲಕ್ಕಾಗಿಯೇ ನಮ್ಮ ಕಸುಬು ಅರ್ಧ ನಡೆದಿದೆ ಎಂದು ನನ್ನ ಅನುಮಾನ. ಮಾವ ಬದುಕಿದ್ದರೆ ಈ ಮಾತಿಗೆ ಕೋಲು ಎತ್ತುತ್ತಿದ್ದರು.

ಈಗ ಸುಜಾತಳ ಕಥೆ ಹೇಳುತ್ತೇನೆ. ನಾನು ಇದನ್ನೆಲ್ಲ ಬರೆಯಲು ಕೂತಿದ್ದೇ ಅವಳ ಕಾರಣಕ್ಕೆ.

ಅವಳ ಗಂಡ ನಾಗರಾಜು ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹಳ್ಳಿಯಿಂದ ಬಂದವನು, ಕೆಲಸದಲ್ಲಿ ಬಲು ಅಚ್ಚುಕಟ್ಟು. ಅವನು, ಸುಜಾತ, ಅವನ ತಾಯಿ ಲಕ್ಷ್ಮಮ್ಮ, ಮೂವರೂ ಕೃಷ್ಣಮೂರ್ತಿಪುರಂನ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ಸುಜಾತ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಕಿಟಕಿ ಪಕ್ಕ ಮಿಷನ್. ದೇವಸ್ಥಾನಕ್ಕೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರು ದಾರಿಯಲ್ಲಿ ನಿಂತು ಕಿಟಕಿಯಿಂದಲೇ ಬಟ್ಟೆ ಕೊಟ್ಟು, ಅಳತೆಗೆ ಹಳೇ ಬ್ಲೌಸು ಕೊಟ್ಟು, ಸಂಜೆ ಹೊತ್ತಿಗೆ ಮಾತಾಡಿಕೊಂಡು ಹೋಗುವರು. ಬಡಾವಣೆಯ ಮದುವೆ, ಸೀಮಂತ, ಜಗಳ ಎಲ್ಲವೂ ಆ ಕಿಟಕಿಗೆ ಮೊದಲು ತಿಳಿಯುತ್ತಿತ್ತು. ನಾಗರಾಜು ಅದನ್ನು ಟೈಂ ಪಾಸ್ ಅನ್ನುತ್ತಿದ್ದ. ಅವಳಿಗೆ ಅದೇ ಬದುಕು.

ವಠಾರದ ಮಾಲೀಕರು ಮನೆ ಬಿಡಿಸುವ ಸೂಚನೆ ಕೊಟ್ಟ ಮೇಲೆ ನಾಗರಾಜು ಸ್ವಂತ ಮನೆ ಹುಡುಕಲು ಹೊರಟ. ಅವನ ಕೈಗೆಟಕುವ ಮನೆ ಇಲವಾಲದ ಆಚೆಯ ಲೇಔಟಿನಲ್ಲಿ ಸಿಕ್ಕಿತು. ಇದು ಎಲ್ಲರ ಪಾಡು. ಕಾಲಿಗೆ ಸಿಗುವ ಕಡೆ ಕೈಗೆ ಸಿಗುವುದಿಲ್ಲ, ಕೈಗೆ ಸಿಗುವ ಕಡೆ ಕಾಲಿಗೆ ಸಿಗುವುದಿಲ್ಲ. ಲಕ್ಷ್ಮಮ್ಮನವರಿಗೆ ವಾಸ್ತುವಿನಲ್ಲಿ ತುಂಬ ನಂಬಿಕೆ. ಆಚಾರ್ರು ಹೂಂ ಅನ್ನದೆ ಒಂದು ಹೆಜ್ಜೆಯೂ ಇಡಬೇಡ ಎಂದು ಮಗನಿಗೆ ಹೇಳಿ ನನ್ನನ್ನು ವಠಾರಕ್ಕೆ ಕರೆಸಿ ಮಾತಾಡಿದರು.

ಮನೆ ನಿಜಕ್ಕೂ ಚೆನ್ನಾಗಿತ್ತು. ಆಯ ಕೂಡಿಬರುತ್ತಿತ್ತು, ಅಡುಗೆಮನೆ ಇರಬೇಕಾದಲ್ಲಿತ್ತು. ನಾನು ಹಿತ್ತಿಲಿಗೆ ಹೋದೆ. ಸುಜಾತ ಬಂದಳು. ದೋಷ ಹೇಳ್ಬುಡಿ ಎಂದು ಎಲ್ಲರ ಹಾಗೆಯೇ ಕೇಳಿದಳು, ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಇಲ್ಲಿಗೆ ಯಾರು ಬಂದು ಬ್ಲೌಸ್ ಕೊಡುತ್ತಾರೆ, ನನ್ನ ಮಿಷನ್ ತುಕ್ಕು ಹಿಡಿಯುತ್ತದೆ, ನಾನೂ ಹಿಡಿಯುತ್ತೇನೆ ಎಂದು ಕಣ್ಣು ಒರೆಸಿಕೊಂಡಳು. ಗಂಡನಿಗೆ ಹೇಳಮ್ಮ ಎಂದರೆ, ಸ್ಕೂಟಿ ಕೊಡಿಸುತ್ತೇನೆ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ ಎಂದಳು. ಅವಳಿಗೆ ಗಾಡಿ ಓಡಿಸುವುದೆಂದರೆ ಹೆದರಿಕೆ.

ಇಲ್ಲದ ದೋಷ ಹೇಳಲು ನನಗೆ ನಾಲಿಗೆ ಬರದು. ಆದರೆ ಇರುವ ದೋಷವೊಂದು ಕಣ್ಣಿಗೆ ಬಿತ್ತು. ನೀರಿನ ಸಂಪು ನೈಋತ್ಯದಲ್ಲಿತ್ತು. ಆ ಮೂಲೆಯಲ್ಲಿ ಗುಂಡಿ ಸಲ್ಲದು. ಮುಂದಕ್ಕೆ ಬಂದು, ಸ್ವಲ್ಪ ಗಂಭೀರವಾಗಿಯೇ ಹೇಳಿದೆ. ಲಕ್ಷ್ಮಮ್ಮ ಎದೆ ಮುಟ್ಟಿಕೊಂಡರು. ಸುಜಾತಳ ಮುಖ ಅರಳಿತು. ನನಗೂ ಒಂದು ಪುಣ್ಯದ ಕೆಲಸ ಮಾಡಿದ ಹಾಗೆನಿಸಿ ಅಂದು ಎರಡು ಮುದ್ದೆ ಹೆಚ್ಚಾಗಿಯೇ ಉಂಡೆ.

ನಾವಿಬ್ಬರೂ ಮರೆತಿದ್ದು ಏನೆಂದರೆ, ನಾಗರಾಜು ಫಿಟ್ಟರ್. ಕೆಟ್ಟ ಮಿಷನ್ ಕಂಡರೆ ಅವನಿಗೆ ಬೇಸರವಾಗುವುದಿಲ್ಲ, ಹುರುಪು ಬರುತ್ತದೆ. ಅವನು ಮಾಲೀಕನ ಬೆನ್ನು ಹತ್ತಿ, ಮಾರಬೇಕಾದರೆ ಇದನ್ನು ಸರಿಮಾಡಿಕೊಡಿ ಎಂದು ಪಟ್ಟು ಹಿಡಿದು, ನೈಋತ್ಯದ ಸಂಪು ಮುಚ್ಚಿಸಿ ಈಶಾನ್ಯದಲ್ಲಿ ಹೊಸದು, ಮೊದಲಿಗಿಂತ ದೊಡ್ಡದು, ಕಟ್ಟಿಸಿಯೇಬಿಟ್ಟ. ಬಂದು ನೋಡಿ ಎಂದು ಸಂಭ್ರಮದಿಂದ ಫೋನು ಮಾಡಿದ.

ಎರಡನೇ ಸಲ ಹೋದೆ. ಹಿತ್ತಿಲಲ್ಲಿ ಸುಜಾತ ಸುಮ್ಮನೆ ನೋಡಿದಳು. ಆ ನೋಟಕ್ಕೆ ಸೋತು ಗೇಟಿನ ವಿಷಯ ತೆಗೆದೆ. ಗೇಟು ಆಗ್ನೇಯಕ್ಕೆ ಒಂಚೂರು ವಾಲಿತ್ತು. ಸುಳ್ಳಲ್ಲ, ಆದರೆ ಬೇರೆಯವರ ಮನೆಯಲ್ಲಾಗಿದ್ದರೆ ಕಂಡೂ ಕಾಣದ ಹಾಗೆ ಬಂದುಬಿಡುತ್ತಿದ್ದೆ. ನಾಗರಾಜು ಜೇಬಿನಿಂದ ಟೇಪು ತೆಗೆದು, ಎಷ್ಟು ಸರಿಸಬೇಕು ಹೇಳಿ ಎಂದ. ವಾರ ಕಳೆಯುವುದರಲ್ಲಿ ಗೇಟು ಸರಿದಿತ್ತು. ಹಳೆಯದು ಹೋಗಿ ಹೊಸ ಗೇಟು, ಹೊಸ ಬಣ್ಣ ಬೇರೆ. ನಾನು ದೋಷ ಹೇಳಿದಷ್ಟೂ ಮನೆ ಚೆನ್ನಾಗುತ್ತಾ ಹೋಯಿತು. ಬೇಡ ಅನ್ನಿಸಲು ಹೋಗಿ, ಬಿಡಲಾರದಂಥ ಮನೆ ಮಾಡಿಟ್ಟಿದ್ದೆವು.

ಈ ಕೆಲಸಕ್ಕೆ ಬರುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ವಾಸ್ತು ದೋಷಕ್ಕೆ ಪರಿಹಾರ ಇದ್ದೇ ಇರುತ್ತದೆ. ಅಂಗಡಿ ದೂರ, ಬಸ್ಸು ದೂರ, ಮಾತಾಡುವ ಮನುಷ್ಯರು ದೂರ ಅನ್ನುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಪರಿಹಾರ ಹೇಳಿಲ್ಲ. ಪರಿಹಾರವಿಲ್ಲದ್ದನ್ನು ಪರಿಹಾರವಿರುವುದರೊಳಗೆ ಬಚ್ಚಿಟ್ಟರೆ ಸಿಕ್ಕಿಬೀಳುವುದು ಖಂಡಿತ.

ಮೂರನೇ ಸಲ ಹೋದ ದಿನ ಹಿತ್ತಿಲಿಗೆ ಹೋಗಲಿಲ್ಲ. ಹೋಗುವ ಧೈರ್ಯವಿರಲಿಲ್ಲ. ನಡುಮನೆಯಲ್ಲಿ ಎಲ್ಲರೂ ನಿಂತಿದ್ದೆವು. ಲಕ್ಷ್ಮಮ್ಮ ನೇರವಾಗಿ ಕೇಳಿದರು.

"ಇನ್ನೇನೂ ದೋಸ ಇಲ್ವಲ್ಲ ಆಚಾರ್ರೇ?"

"ಮನೆಗೆ ಇಲ್ಲಮ್ಮ" ಎಂದೆ.

ನಾಗರಾಜು ಮಾಲೀಕನಿಗೆ ಫೋನು ಮಾಡಲು ಮೊಬೈಲು ತೆಗೆದ. ಸುಜಾತ ಅವನ ಕೈ ಹಿಡಿದಳು. ಅದುವರೆಗೆ ಅತ್ತೆಯ ಎದುರು ಗಂಡನ ಕೈ ಹಿಡಿದವಳಲ್ಲ ಅವಳು.

"ರೀ, ತಡೀರಿ. ದೋಷ ಹೇಳಿ ಅಂತ ಆಚಾರ್ರನ್ನ ಕೇಳ್ಕೊಂಡಿದ್ದು ನಾನೇ. ಮನೆ ಚೆನ್ನಾಗಿದೆ, ನಂಗೆ ಬೇಡ. ಇಲ್ಲಿಗೆ ಬಂದ್ರೆ ಒಂದು ಕಟ್ಟು ಕರಿಬೇವಿಗೂ ನಿಮ್ಮ ಗಾಡಿಗೆ ಕಾಯ್ಬೇಕು."

"ಸ್ಕೂಟಿ ಕೊಡಿಸ್ತೀನಿ ಅಂದಿದೀನಲ್ಲ."

"ನನ್ನ ಹತ್ರ ಬ್ಲೌಸ್ ಕೊಡಕ್ಕೆ ಬರೋರಿಗೆಲ್ಲ ಕೊಡಿಸ್ತೀರಾ?"

ನಾಗರಾಜು ಮೊಬೈಲನ್ನು ಜೇಬಿಗೆ ತುರುಕಿದ. ಸಿಟ್ಟು ನನ್ನ ಮೇಲೆ ತಿರುಗಿತು. ನೀವೂ ಸೇರಿಕೊಂಡು ನನ್ನನ್ನು ಆಟ ಆಡಿಸಿದಿರಾ ಎಂದ. ಸಂಪು, ಗೇಟು ಎರಡೂ ನಿಜವಾದ ದೋಷವೇ ಕಣಪ್ಪ ಎಂದೆ. ಆ ಮಾತು ಅವನ ಕಿವಿಗೆ ಹೋಗಲಿಲ್ಲ. ಅವನ ಸಂಕಟವೂ ಸಣ್ಣದಾಗಿರಲಿಲ್ಲ. ಹಳ್ಳಿಯಲ್ಲಿ ಎತ್ತಿನ ಗಾಡಿ ತಿರುಗದಂಥ ಗಲ್ಲಿಯಲ್ಲಿ ಹುಟ್ಟಿ, ಪೇಟೆಗೆ ಬಂದು ವಠಾರದ ಒಂದೂವರೆ ಕೋಣೆಯಲ್ಲಿ ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ಓಡಾಡಿದವನು. ಅಗಲವಾದ ರಸ್ತೆಯಲ್ಲಿ ನನ್ನದೊಂದು ಗೇಟು ಇರಬೇಕು ಅನ್ನುವುದು ತಪ್ಪೇ, ನೀವೇ ಹೇಳಿ ಎಂದು ಕೇಳಿದ. ತಪ್ಪಲ್ಲ ಎಂದೆ. ಲಕ್ಷ್ಮಮ್ಮ ಸೊಸೆಯ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿ ಕಾರು ಹತ್ತಿದರು.

ಆ ಮನೆ ಅವರು ಕೊಳ್ಳಲಿಲ್ಲ. ಇನ್ನು ಅವರು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಆಷಾಢ ಕಳೆದ ಮೇಲೆ ನಾಗರಾಜುವಿನ ಫೋನು ಬಂತು. ಹಿನಕಲ್‌ನಲ್ಲಿ ಒಂದು ಮನೆ ನೋಡಬೇಕು, ಅಮ್ಮ ನೀವೇ ಬರಬೇಕು ಅಂತಿದ್ದಾರೆ ಎಂದ. ದನಿಯಲ್ಲಿ ಉತ್ಸಾಹ ಇರಲಿಲ್ಲ.

ಹಿನಕಲ್ ಈಗ ಮೈಸೂರಿನೊಳಗೇ ಬಂದುಬಿಟ್ಟಿದೆ. ಆದರೆ ಒಳಗೆ ಹಳೇ ಊರು ಹಾಗೇ ಇದೆ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಡೊಂಕು ಬೀದಿ, ಜಗಲಿಗಳು. ಅಂಥ ಬೀದಿಯಲ್ಲಿತ್ತು ಆ ಮನೆ. ನೋಡಿದ ಕೂಡಲೇ ನನಗೆ ತಲೆ ತಿರುಗಿತು. ದಕ್ಷಿಣದ ಬಾಗಿಲು. ಮುಂದೆ ಅಗಲ, ಹಿಂದೆ ಕಿರಿದು, ವ್ಯಾಘ್ರಮುಖದ ಜಾಗ. ಈಶಾನ್ಯ ಮೂಲೆಯನ್ನು ಪಕ್ಕದವರ ಗೋಡೆ ಕತ್ತರಿಸಿಕೊಂಡು ಹೋಗಿತ್ತು. ಅಡುಗೆಮನೆ ನೈಋತ್ಯದಲ್ಲಿ. ಮಾವ ನನಗೆ ಪಾಠ ಹೇಳುವಾಗ ಹೀಗಿರಬಾರದು, ಹೀಗಿರಬಾರದು ಎಂದು ಹೇಳಿದ್ದೆಲ್ಲ ಒಂದೇ ಕಡೆ ಸೇರಿತ್ತು. ಹಿತ್ತಿಲಿಗೆ ಹೋಗಿ ನಿಲ್ಲೋಣವೆಂದರೆ ಆ ಮನೆಗೆ ಹಿತ್ತಿಲೇ ಇಲ್ಲ. ಬೀದಿ ಕಡೆಗೊಂದು ಕಿಟಕಿ ಇತ್ತು. ಸುಜಾತ ಅದರ ಪಕ್ಕ ನಿಂತು, ಮಿಷನ್ ಇಟ್ಟರೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಕೈ ಚಾಚಿ ನೋಡುತ್ತಿದ್ದಳು.

ನಾನು ಬಲು ಒದ್ದಾಡಿದೆ. ಮುಚ್ಚಿಟ್ಟರೆ ಇವಳ ಬದುಕು ಉಳಿಯುತ್ತದೆ. ಆದರೆ ಒಮ್ಮೆ ಬಚ್ಚಿಟ್ಟು ಆಡಿದ ಆಟದ ಫಲ ಕಂಡಾಗಿತ್ತು. ಕೊನೆಗೆ ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ. ನಾಗರಾಜು ಟೇಪು ತೆಗೆಯಲಿಲ್ಲ.

"ಇದಕ್ಕೆಲ್ಲ ಪರಿಹಾರ?" ಎಂದ.

"ಕೆಡವಿ ಕಟ್ಟೋದೊಂದೇ. ಆಗಲೂ ಈಶಾನ್ಯದ ಮೂಲೆ ಬರಲ್ಲ."

ನಾಗರಾಜು ತಾಯಿಯನ್ನು ಕೇಳೋಣವೆಂದು ತಿರುಗಿದ. ಆಗ ನೋಡಿದರೆ ಲಕ್ಷ್ಮಮ್ಮ ಇಲ್ಲ. ನಾನು ಮೊದಲನೇ ದೋಷ ಹೇಳುವಾಗ ಬಾಗಿಲ ಹತ್ತಿರ ನಿಂತಿದ್ದರು. ನಾಗರಾಜು ಗಾಬರಿಯಾಗಿ ಹೊರಗೆ ಓಡಿ ಅಮ್ಮಾ ಎಂದು ಕೂಗಿದ. ಹೊಸ ಜಾಗ, ವಯಸ್ಸಾದವರು, ಎಲ್ಲಿ ಹೋಗುತ್ತಾರೆ ಎಂದು ನಾನೂ ಹಿಂದೆಯೇ ಹೊರಟೆ. ನಾಲ್ಕು ಮನೆ ಆಚೆ ಜಗಲಿಯ ಮೇಲೆ ಇಬ್ಬರು ಹೆಂಗಸರ ಜೊತೆ ಕೂತಿದ್ದರು. ಮಗನನ್ನು ಕಂಡು ಸಾವಕಾಶವಾಗಿ ಎದ್ದು ಬಂದರು. ಸೆರಗಿನಲ್ಲಿ ಒಂದು ಕಟ್ಟು ದಂಟಿನ ಸೊಪ್ಪು.

ಎಲ್ಲಿ ಹೋಗಿದ್ದೆ ಎಂದು ನಾಗರಾಜು ರೇಗಿದ. ಅಂಗಡಿ ಅಲ್ಲೇ ಐತೆ ಕಣೋ, ಮಾರಮ್ಮನ ಗುಡಿನೂ ಅಲ್ಲೇ ಐತೆ, ಆ ಯಮ್ಮನ ತವರು ನಮ್ಮೂರ ಪಕ್ಕದ್ದೇ ಎಂದರು ಅವರು. ವಠಾರದಲ್ಲೂ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಏನಂತೀರಿ ಆಚಾರ್ರೇ ಎಂದು ಕೇಳಿದರು. ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದೆ. ಒಂದೊಂದು ದೋಷಕ್ಕೂ ಅವರ ಮುಖ ಸಣ್ಣದಾಗುತ್ತಾ ಬಂತು. ಸೊಪ್ಪಿನ ಕಟ್ಟನ್ನು ನೆಲಕ್ಕಿಟ್ಟು ಕೂತುಬಿಟ್ಟರು.

ಸುಜಾತ ಕಿಟಕಿ ಬಿಟ್ಟು ನಡುಮನೆಗೆ ಬಂದಳು. ಪಿಸುಮಾತಿಲ್ಲ, ಅಳುವಿಲ್ಲ.

"ಈ ಮನೇನೇ ಇರ್ಲಿ ಅತ್ತೆ. ದೋಷ ಇದೆ, ಆಚಾರ್ರು ಸುಳ್ಳು ಹೇಳ್ತಿಲ್ಲ. ನಾಳೆ ಏನೇ ಹೆಚ್ಚುಕಮ್ಮಿ ಆದ್ರೂ, ಸುಜಾತ ಆರಿಸಿದ ಮನೆ, ಅದಕ್ಕೇ ಹಿಂಗಾಯ್ತು ಅನ್ನಿ. ನೀವು ಅನ್ನಿ, ಇವ್ರೂ ಅನ್ಲಿ, ನೆಂಟರೆಲ್ಲ ಅನ್ಲಿ. ನಾನು ಅನ್ನಿಸ್ಕೋತೀನಿ."

ಇಷ್ಟು ವರ್ಷದ ಕಸುಬಿನಲ್ಲಿ ಯಾವ ಹಿತ್ತಿಲಲ್ಲೂ ನಾನು ಈ ಮಾತು ಕೇಳಿರಲಿಲ್ಲ. ಯಾವ ಮಾತಿಗೆ ಹೆದರಿ ಅಷ್ಟು ಜನ ಹೆಂಗಸರು ನನ್ನ ಹತ್ತಿರ ದೋಷ ಬೇಡಲು ಬಂದಿದ್ದರೋ ಅದನ್ನು ಈಕೆ ತಾನಾಗಿ ತಲೆ ಮೇಲೆ ಹೊತ್ತುಕೊಂಡು ನಿಂತಿದ್ದಳು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೇನಿಲ್ಲ ಹೇಳಿಕೊಳ್ಳಲು. ನಾಗರಾಜು ಹೆಂಡತಿಯ ಪಕ್ಕಕ್ಕೆ ಬಂದು ನಿಂತ. ಆಮೇಲೆ ತಾಯಿಯ ಕಡೆ ತಿರುಗಿ, ನೀನೇನಂತೀಯಮ್ಮ, ಇವಳು ಆರಿಸಿದ ಮನೆ ಅಂತ ಕೊಂಡುಬಿಡಲಾ ಎಂದು ಕೇಳಿದ.

ಲಕ್ಷ್ಮಮ್ಮ ಸೊಪ್ಪಿನ ಕಟ್ಟನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಅವಳ ತೋಳು ಹಿಡಿದುಕೊಂಡು ಎದ್ದರು.

"ಅವಳೊಬ್ಳೇ ಯಾಕೆ ಅನ್ನಿಸ್ಕೋಬೇಕು? ಅತ್ತೆ ಸೊಸೆ ಇಬ್ರೂ ಸೇರಿ ಆರಿಸಿದ್ದು ಅನ್ನು ಬುಡು."